ಬೆನ್ನು ನನ್ನದು

ಜನವರಿ 9

ಅಮ್ಮಾ,

ಫೋನಿನಲ್ಲೇ ಹೇಳಬೇಕೆಂದಿದ್ದೆ. ಆದರೆ ಕಿವಿ ಮಂದ ಅಂತ ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀಯ. ಆಮೇಲೆ ಅಣ್ಣ, ಅತ್ತಿಗೆ, ನಿನ್ನ ಪಾರ್ಲರಿನಲ್ಲಿ ಒದ್ದೆ ತಲೆ ಹೊತ್ತು ಕೂತ ಹೆಂಗಸರು, ಎಲ್ಲರೂ ಸೇರಿ ನನ್ನ ಬದುಕಿನ ಮೇಲೆ ತೀರ್ಪು ಕೊಡುತ್ತಾರೆ. ಅದಕ್ಕೇ ಕಾಗದ.

ನನ್ನನ್ನು ವಾರ್ಡಿನಿಂದ ತೆಗೆದಿದ್ದಾರೆ. ನೌಕರಿಯಿಂದಲ್ಲ, ಗಾಬರಿಯಾಗಬೇಡ. ಮೆದುಳಿನದೋ ಬೆನ್ನುಮೂಳೆಯದೋ ಆಪರೇಷನ್ ಆಗಬೇಕಾದವರ ಪಕ್ಕ ಕೂತು, ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಆಮೇಲೆ ಹೇಗಿರುತ್ತದೆ ಅಂತ ತಿಳಿಸಿ ಹೇಳುವ ನರ್ಸ್ ಆಗಿದ್ದೆನಲ್ಲ, ಆ ಕೆಲಸದಿಂದ. ಈಗ ನನ್ನದು ನೆಲಮಾಳಿಗೆಯ ಬಟ್ಟೆ ಕೋಣೆ. ಒಗೆದು ಬಂದ ಹೊದಿಕೆ, ಗೌನು ಮಡಿಸಿ ಮೇಲೆ ಕಳಿಸುತ್ತೇನೆ.

ಆದದ್ದು ಇಷ್ಟು. ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ಮೆದುಳಿನ ಎಡಭಾಗದಲ್ಲಿ ಗೆಡ್ಡೆ, ಮಾತು ಹುಟ್ಟುವ ಜಾಗಕ್ಕೇ ಒತ್ತಿಕೊಂಡಿದೆ. ಅವರ ಇಬ್ಬರು ಗಂಡುಮಕ್ಕಳು ನನ್ನನ್ನು ಹೊರಗೆ ಕರೆದು, "ಸಿಸ್ಟರ್, ಅಪ್ಪನಿಗೆ ಗೆಡ್ಡೆ ಅಂತ ಹೇಳಬೇಡಿ. ರಕ್ತ ಹೆಪ್ಪುಗಟ್ಟಿದೆ, ತೆಗೀತಾರೆ ಅಂತಷ್ಟೇ ಹೇಳಿ" ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಒಳಗೆ ಹೋದೆ. ಕುರ್ಚಿ ಎಳೆದುಕೊಳ್ಳುವಷ್ಟರಲ್ಲೇ ಅವರು ಕೇಳಿದರು: "ಏನಮ್ಮಾ, ನನ್ನ ತಲೆಯೊಳಗೆ ಏನಿದೆ? ಮಕ್ಕಳ ಮುಖ ನೋಡಿದ್ರೆ ನಾನು ಆಗಲೇ ಸತ್ತ ಹಾಗಿದೆ."

ಹೇಳಿದೆ.

"ಮಾತು ಹೋಗುತ್ತಾ?"

"ಹೋಗಬಹುದು. ಹೋಗಿ ಮತ್ತೆ ಬರಬಹುದು, ಪೂರ್ತಿ ಬರದೇನೂ ಇರಬಹುದು. ಅದಕ್ಕೇ ಆಪರೇಷನ್ ನಡುವೆ ನಿಮ್ಮನ್ನ ಎಚ್ಚರಿಸಿ ಮಾತಾಡಿಸ್ತಾರೆ. ನಾಲಿಗೆ ತಡವರಿಸಿದ ಕಡೆ ಕೈ ನಿಲ್ಲಿಸ್ತಾರೆ. ನೋವು ಗೊತ್ತಾಗಲ್ಲ, ಮೆದುಳಿಗೆ ನೋವಿಲ್ಲ."

ಅವರು ದಿಂಬಿಗೆ ಒರಗಿ ಎದ್ದು ಕೂತರು. ಆಮೇಲೆ, "ಹಾಗಾದ್ರೆ ಒಂದು ದಿನ ತಡ ಮಾಡಲಿಕ್ಕೆ ಹೇಳು. ತಮ್ಮನ ಹತ್ರ ಮಾತು ಬಿಟ್ಟು ಬಹಳ ವರ್ಷ ಆಯ್ತು. ಇರೋ ಮಾತನ್ನ ಮೊದಲು ಅವನ ಹತ್ರ ಆಡ್ತೀನಿ" ಅಂದರು. ತಮ್ಮ ಬಂದ. ಬಾಗಿಲು ಹಾಕಿಕೊಂಡು ಏನೇನು ಮಾತಾಡಿದರೋ, ಹೊರಗೆ ನಗು ಕೇಳಿಸಿತು.

ಮಕ್ಕಳು ನೇರ ಮೇಲಿನವರಿಗೆ ದೂರು ಕೊಟ್ಟರು. ಅಪ್ಪನ ಎದೆಗೆ ಕಲ್ಲು ಹಾಕಿದಳು ಅಂತ. ಮೇಟ್ರನ್ ಕರೆದು, "ತಪ್ಪಾಯ್ತು ಅಂತ ನಾಲ್ಕು ಸಾಲು ಬರೆದುಕೊಡು, ವಾಪಸ್ ವಾರ್ಡಿಗೆ ಹೋಗು" ಅಂದರು. ಬರೆದುಕೊಟ್ಟಿಲ್ಲ. ಕೊಡುವುದೂ ಇಲ್ಲ.

ನಿನ್ನ ಬಾಯಾಳಿ


ಜನವರಿ 22

ಬಾಯಾಳಿಗೆ,

ನಿನಗೆ ಈ ಹೆಸರು ಇಟ್ಟವಳು ನಾನೇ. ಇಷ್ಟು ಸರಿಯಾಗಿ ಹೊಂದುತ್ತೆ ಅಂತ ಆಗ ಗೊತ್ತಿರಲಿಲ್ಲ.

ಅಲ್ಲ, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೆತ್ತ ಮಕ್ಕಳು ಬೇಡ ಅಂದ ಮೇಲೆ ನಡುವೆ ನೀನ್ಯಾರು? ನನ್ನ ಕುರ್ಚಿಯಲ್ಲಿ ಒಬ್ಬಳು ಬಂದು ಕೂರ್ತಾಳೆ, ನೆತ್ತಿಯಲ್ಲಿ ಕೂದಲೇ ಇಲ್ಲ. ನಾನು ಹಿಂದಿನಿಂದ ಕನ್ನಡಿ ಹಿಡಿದು, ನೋಡು ತಾಯಿ ನಿನ್ನ ಬೋಳು ಅಂತ ತೋರಿಸ್ತೀನಾ? ಬೈತಲೆ ಸ್ವಲ್ಪ ಪಕ್ಕಕ್ಕೆ ತೆಗೆದು ಕಳಿಸ್ತೀನಿ. ಅವಳು ಸಂತೋಷವಾಗಿ ಮನೆಗೆ ಹೋಗ್ತಾಳೆ. ನಿಜ ಹೇಳೋದಕ್ಕೂ ಒಂದು ಹೊತ್ತು, ಒಂದು ಅಳತೆ ಇರತ್ತೆ. ನಾಲ್ಕು ಸಾಲು ಬರೆದು ಬಿಸಾಕು. ನಿನ್ನ ಕೈಯೇನೂ ಸವೆಯಲ್ಲ.

ನಿಮ್ಮಣ್ಣನ ಡ್ರೈವಿಂಗ್ ಸ್ಕೂಲಿಗೆ ಹೊಸ ಕಾರು ಬಂತು. ಮೊದಲ ದಿನವೇ ಕಲಿಯೋಕೆ ಬಂದ ಮೇಷ್ಟರು ಅದನ್ನ ಕಂಬಕ್ಕೆ ಗುದ್ದಿಸಿದರು. ಅವನು ಎರಡು ದಿನ ಊಟದ ಹೊತ್ತಲ್ಲಿ ಮಾತಾಡಲಿಲ್ಲ.

ನನಗೆ ವಯಸ್ಸಾಯ್ತು. ಮೊನ್ನೆ ಪಾರ್ಲರಿನಿಂದ ಬರುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿದ್ದು ಗೊತ್ತೇ ಆಗಲಿಲ್ಲ. ಹಣ್ಣಿನವಳು ಕೂಗಿ ಕೊಟ್ಟಳು. ಹತ್ತಿಯ ಮೇಲೆ ನಡೆದ ಹಾಗಿರತ್ತೆ. ನಿಂತು ನಿಂತು ಕಾಲು ಹಾಗಾಗಿದೆ.

ಅಮ್ಮ


ಫೆಬ್ರವರಿ 1

ಅಮ್ಮಾ,

ಬೈದದ್ದೆಲ್ಲ ಮುಟ್ಟಿದೆ. ಜಗಳ ಆಮೇಲೆ ಆಡೋಣ. ಚಪ್ಪಲಿಯ ವಿಷಯ ಮೊದಲು.

ಕಳಚಿದ್ದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹಾಕಿಕೊಳ್ಳಲು ಆಗಲಿಲ್ಲವೋ? ಸ್ನಾನದ ನೀರಿನ ಬಿಸಿ ಎರಡೂ ಕಾಲಿಗೆ ಒಂದೇ ಸಮ ಗೊತ್ತಾಗುತ್ತದಾ? ಮೆಟ್ಟಿಲು ಇಳಿಯುವಾಗ ಕಾಲು ಮರಗಟ್ಟಿದ ಹಾಗೆ ಬಿಗಿಯುತ್ತದಾ? ಹೊಟ್ಟೆಯ ಸುತ್ತ ಯಾರೋ ಪಟ್ಟಿ ಬಿಗಿದ ಹಾಗೆ ಅನಿಸಿದ್ದುಂಟಾ? ಒಂದಕ್ಕೆ ಹೋಗುವುದರಲ್ಲಿ ಏನಾದರೂ ವ್ಯತ್ಯಾಸ? ನಾಚಿಕೊಳ್ಳಬೇಡ, ನಾನು ಕೇಳುತ್ತಿರುವುದು.

ಇವುಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ಉತ್ತರ ಬರೆಯುತ್ತಾ ಕೂರಬೇಡ. ಅಣ್ಣನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗು. ನರದ ಡಾಕ್ಟರಿಗೇ ತೋರಿಸು. ವಯಸ್ಸಾಯ್ತು ಅಂತ ಎಣ್ಣೆ ತಿಕ್ಕಿಸಿಕೊಂಡು ಕೂತೀಯ ಅಂದರೆ ನಾನೇ ಬರುತ್ತೇನೆ.

ಬಾಯಾಳಿ


ಮಾರ್ಚ್ 4

ಬಾಯಾಳಿಗೆ,

ಹೋದೆ. ಕಾಲಿಗೆ ಸೂಜಿ ಚುಚ್ಚಿದರು, ಮಂಡಿಗೆ ಸುತ್ತಿಗೆಯಲ್ಲಿ ಹೊಡೆದರು, ಕಣ್ಣು ಮುಚ್ಚಿ ನಿಲ್ಲು ಅಂದರು. ನಿಲ್ಲಲಿಲ್ಲ, ತೂರಾಡಿದೆ. ಆಮೇಲೆ ಸ್ಕ್ಯಾನ್ ಅಂತ ಒಂದು ಕೊಳವೆಯೊಳಗೆ ಮಲಗಿಸಿದರು. ಒಳಗೆ ತಗಡು ಬಡಿಯೋ ಸದ್ದು. ಅಷ್ಟು ಸದ್ದಿನಲ್ಲಿ ನಾನು ಹಾಯಾಗಿ ಮಲಗಿದ್ದು ನೋಡಿ ಅಲ್ಲಿಯವರಿಗೇ ಆಶ್ಚರ್ಯ. ಕಿವಿ ಮಂದ ಇರೋದಕ್ಕೆ ಅದೊಂದು ಲಾಭ.

ಡಾಕ್ಟರು ಚಿತ್ರ ನೋಡಿ ನಿಮ್ಮಣ್ಣನನ್ನ ಒಳಗೆ ಕರೆದರು. ನನ್ನನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಇವನು ಬಂದು, "ಏನಿಲ್ಲಮ್ಮ, ನರ ಸಿಕ್ಕಿಹಾಕಿಕೊಂಡಿದೆ. ಸಣ್ಣ ಆಪರೇಷನ್. ಬಿಡಿಸಿ ಕಳಿಸ್ತಾರೆ" ಅಂದ. ಹೇಳುವಾಗ ಕಾರಿನ ಬೀಗದ ಕೈ ತಿರುಗಿಸ್ತಾನೇ ಇದ್ದ.

ಅವತ್ತಿನಿಂದ ಮನೆಯಲ್ಲಿ ನನಗೆ ರಾಜೋಪಚಾರ. ನಿಮ್ಮತ್ತಿಗೆ ಪಾತ್ರೆ ಮುಟ್ಟಲಿಕ್ಕೆ ಬಿಡಲ್ಲ. ನಾನು ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸ್ತಾರೆ. ಕಿವಿ ಮಂದ ಸರಿ, ಕಣ್ಣಿಗೇನಾಗಿದೆ?

ಅವರದು ಬಿಡು. ನೀನು ಮೂರು ಸಲ ಫೋನ್ ಮಾಡಿದೆ. ಸೆಖೆ ಹೇಗಿದೆ, ನಿದ್ದೆ ಬರ್ತಿದೆಯಾ, ಅಣ್ಣ ಹೇಳಿದ ಹಾಗೆ ಕೇಳು. ಇಷ್ಟೇ. ಸ್ಕ್ಯಾನಿನ ಚಿತ್ರ ನಿನಗೆ ಅವನು ಕಳಿಸಿದ್ದಾನೆ, ನನಗೆ ಗೊತ್ತು. ಅಮ್ಮನಿಗೆ ಹೇಳಬೇಡ ಅಂತ ಆಣೆಯನ್ನೂ ಹಾಕಿಸಿರ್ತಾನೆ.

ಯಾರೋ ಬಸ್ ಡ್ರೈವರಿಗೆ ಹೇಳೋಕೆ ನೌಕರಿ ಪಣಕ್ಕಿಟ್ಟವಳು ನೀನು. ಹೆತ್ತವಳ ಮುಂದೆ ಬಾಯಿ ಹೊಲಿದುಕೊಂಡು ಕೂತಿದ್ದೀಯಲ್ಲ.

ಬರಿ. ಮೂಗಿಗೆ ತುಪ್ಪ ಸವರಬೇಡ.

ಅಮ್ಮ


ಮಾರ್ಚ್ 19

ಅಮ್ಮಾ,

ನಿನ್ನ ಕಾಗದ ಬಂದು ಇಷ್ಟು ದಿನವಾಯಿತು. ಅಪರಿಚಿತರ ಮಂಚದ ಪಕ್ಕ ಕೂತಾಗ ನಾನು ಮಾತಿಗೆ ಒಮ್ಮೆಯೂ ತಡಕಾಡಿರಲಿಲ್ಲ. ಆ ಇಬ್ಬರು ಗಂಡುಮಕ್ಕಳಿಗೆ ಹೇಗಾಗಿತ್ತು ಅಂತ ಈಗ ಗೊತ್ತಾಗಿದೆ. ಆದರೂ ಬರೆಯುತ್ತೇನೆ, ನೀನು ಕೇಳಿದ್ದೀಯ.

ನಿನ್ನ ಬೆನ್ನಿನ ನಡುವೆ, ಭುಜದ ಎಲುಬುಗಳಿಗಿಂತ ಸ್ವಲ್ಪ ಕೆಳಗೆ, ಒಂದು ಗೆಡ್ಡೆ ಇದೆ. ಬೆನ್ನುಹುರಿ ಅಂದರೆ ಮೆದುಳಿನಿಂದ ಕಾಲಿಗೆ ಸುದ್ದಿ ಒಯ್ಯುವ ಹುರಿ. ನಿನ್ನ ಕಿರುಬೆರಳಿನಷ್ಟೂ ದಪ್ಪ ಇಲ್ಲ. ಮೂಳೆಯ ಕೊಳವೆಯೊಳಗೆ, ಒಂದು ತೆಳ್ಳನೆಯ ಚೀಲದಲ್ಲಿ, ನೀರಿನಲ್ಲಿ ತೇಲುತ್ತಾ ಇರುತ್ತದೆ. ಗೆಡ್ಡೆ ಬೆಳೆದಿರುವುದು ಆ ಚೀಲದ ಒಳಮೈಯಲ್ಲಿ. ಹುರಿಯೊಳಕ್ಕೆ ಹೋಗಿಲ್ಲ, ಪಕ್ಕದಿಂದ ಒತ್ತಿ ಮೂಲೆಗೆ ತಳ್ಳಿದೆ. ಅದಕ್ಕೇ ನಿನ್ನ ಚಪ್ಪಲಿಯ ಸುದ್ದಿ ನಿನಗೆ ಮುಟ್ಟಲಿಲ್ಲ.

ಇಂಥವು ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಆದರೆ ತೆಗೆದು ಪರೀಕ್ಷೆ ಮಾಡುವ ತನಕ ಅಲ್ಲ ಅಂತ ಬರೆದುಕೊಡಲು ನನ್ನಿಂದಾಗದು.

ಆಪರೇಷನ್ ಸಣ್ಣದಲ್ಲ. ಅರಿವಳಿಕೆ ಕೊಟ್ಟು ಬೋರಲು ಮಲಗಿಸುತ್ತಾರೆ. ಬೆನ್ನು ಸೀಳಿ, ಮೂಳೆಯ ಹಿಂದಿನ ಕಮಾನನ್ನು ಅಲ್ಲಿ ಮಾತ್ರ ತೆಗೆದು, ಚೀಲ ಬಿಡಿಸಿ, ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ನೋಡುತ್ತಾ ಗೆಡ್ಡೆಯನ್ನು ಚೂರುಚೂರಾಗಿ ತೆಗೆಯುತ್ತಾರೆ. ಆಮೇಲೆ ಚೀಲ ಹೊಲಿಯುತ್ತಾರೆ. ಕೆಲವು ದಿನ ಅಂಗಾತ ಮಲಗಿರಬೇಕಾಗಬಹುದು. ಹೊಲಿಗೆಯಿಂದ ಆ ನೀರು ಸೋರಬಹುದು, ಕೀವಾಗಬಹುದು. ಎದ್ದ ಮೇಲೆ ಕಾಲು ಈಗಿರುವುದಕ್ಕಿಂತ ಕೆಟ್ಟಿರಬಹುದು. ಬಹಳ ಮಂದಿಗೆ ನಿಧಾನವಾಗಿ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಒಂದಕ್ಕೆ ಹೋಗುವ ಹಿಡಿತವೂ ತಪ್ಪಬಹುದು.

ಮಾಡಿಸಿಕೊಳ್ಳದೇ ಇದ್ದರೆ? ಹುರಿ ಒತ್ತಡ ತಾಳುವಷ್ಟು ತಾಳುತ್ತದೆ. ಆಮೇಲೆ ಕಾಲು ಹೋಗುತ್ತದೆ. ಹೋದದ್ದನ್ನು ವಾಪಸ್ ತರುವುದು ಕಷ್ಟ.

ನಾನಾಗಿದ್ದರೆ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಬೆನ್ನು ನಿನ್ನದು. ಡಾಕ್ಟರನ್ನು ಕೇಳು: ಇಂಥದ್ದನ್ನು ನೀವೇ ಎಷ್ಟು ಮಾಡಿದ್ದೀರಿ, ಅವರೆಲ್ಲ ಈಗ ಹೇಗಿದ್ದಾರೆ ಅಂತ. ಕೇಳಿದರೆ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ.

ಅಣ್ಣನಿಗೆ ಕೊಟ್ಟ ಮಾತು ಮುರಿದಿದ್ದೇನೆ. ಅವನನ್ನು ಬೈಯಬೇಡ. ಅವನಿಗೆ ಹೆದರಿಕೆ.

ನಿನ್ನ ಮಗಳು


ಏಪ್ರಿಲ್ 6

ಬಾಯಾಳಿಗೆ,

ಮಧ್ಯಾಹ್ನ ಪಾರ್ಲರಿನ ಬಾಗಿಲು ಹಾಕಿ ಓದಿದೆ. ಎರಡನೇ ಸಲ ಓದುವಾಗ ಅಳು ಬಂತು. ಮೂರನೇ ಸಲ ಸಿಟ್ಟು ಬಂತು. ನನ್ನ ಮೈಯೊಳಗೆ ಬಾಡಿಗೆ ಕೊಡದೆ ಒಬ್ಬ ಬಂದು ಸೇರಿಕೊಂಡಿದ್ದಾನೆ, ಊರಿಗೆಲ್ಲ ಅವನ ಪರಿಚಯ ಇದೆ, ಮನೆಯ ಯಜಮಾನಿಗೆ ಮಾತ್ರ ಇಲ್ಲ.

ಊಟದ ಹೊತ್ತಿಗೆ ನಿಮ್ಮಣ್ಣನಿಗೆ, "ಗೆಡ್ಡೆಯ ಪಾಡು ಏನಾಯ್ತೋ?" ಅಂದೆ. ಅವನ ತುತ್ತು ಕೈಯಲ್ಲೇ ಉಳೀತು. ನಿನ್ನ ಮೇಲೆ ಕೂಗಾಡಿದ. "ಅವಳಿಗೇನು, ಬರೆದು ಕೈ ತೊಳೆದುಕೊಂಡಳು. ದಿನಾ ನಿನ್ನ ಮುಖ ನೋಡೋನು ನಾನು. ನೀನು ಹೆದರಿ ಊಟ ಬಿಟ್ಟರೆ ಯಾರು ನೋಡ್ತಾರೆ?" ಅಂದ. ನಾನು ಇನ್ನೊಂದು ಸಲ ಅನ್ನ ಬಡಿಸಿಕೊಂಡೆ. ಬೇಕಿರಲಿಲ್ಲ. ಅವನ ಎದುರಿಗೇ ತಿಂದು ಮುಗಿಸಿದೆ.

ಮರುದಿನ ಡಾಕ್ಟರ ಹತ್ತಿರ ಹೋದೆವು. ಈ ಸಲ ನಾನೂ ಒಳಗೆ. ಅವರು ಶುರುಮಾಡಿದರು, ಆದರೆ ನಿಮ್ಮಣ್ಣನ ಮುಖ ನೋಡಿಕೊಂಡು. ಅಮ್ಮನಿಗೆ ಹೀಗೆ ಮಾಡ್ತೀವಿ, ಅಮ್ಮನನ್ನ ಹಾಗೆ ಮಲಗಿಸ್ತೀವಿ. ನಾನು ಸಂತೆಗೆ ತಂದ ಹಸುವಿನ ಹಾಗೆ ಪಕ್ಕದಲ್ಲಿ.

"ಡಾಕ್ಟರೇ," ಅಂದೆ, "ಬೆನ್ನು ನನ್ನದು. ಮುಖ ಈ ಕಡೆ ತಿರುಗಿಸಿ ಹೇಳಿ. ತುಟಿ ಕಾಣದಿದ್ದರೆ ನನಗೆ ಕೇಳಿಸೋದೂ ಇಲ್ಲ."

"ನೀವು ಗಾಬರಿಯಾಗ್ತೀರಿ ಅಮ್ಮ."

"ಆಗ್ತೀನಿ. ಗಾಬರಿಯಾದ್ರೂ ಕೇಳಿಸಿಕೊಳ್ತೀನಿ."

ನಿಮ್ಮಣ್ಣ ನನ್ನ ಸೆರಗು ಜಗ್ಗಿದ. ನಾನು ಸೆರಗು ಬಿಡಿಸಿಕೊಂಡು, ನೀನು ಹೇಳಿಕೊಟ್ಟದ್ದನ್ನೇ ಕೇಳಿದೆ. ನೀವೇ ಎಷ್ಟು ಮಾಡಿದ್ದೀರಿ, ಅವರೆಲ್ಲ ಹೇಗಿದ್ದಾರೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬೈಗುಳಕ್ಕೆ ಕಾಯ್ತಾ ಇದ್ದೆ. ಅವರು ಕುರ್ಚಿಯನ್ನೇ ನನ್ನ ಕಡೆಗೆ ತಿರುಗಿಸಿದರು. ಬೇಕಾದಷ್ಟು ಮಾಡಿದ್ದೀನಿ, ಹೆಚ್ಚಿನವರು ನಡೀತಾರೆ ಅಂದರು. ಆಮೇಲೆ, ಹೋದ ವರ್ಷ ಒಬ್ಬರಿಗೆ ಆಗಲಿಲ್ಲ, ಅವರು ಗಾಲಿಕುರ್ಚಿಯಲ್ಲಿದ್ದಾರೆ ಅಂತಲೂ ಹೇಳಿದರು. ಆ ಒಬ್ಬರ ವಿಷಯ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಹೇಳದೇ ಇದ್ದಿದ್ದರೆ ಎದ್ದು ಬರ್ತಿದ್ದೆ.

ಮಾಡಿಸಿಕೊಳ್ತೀನಿ. ಒಪ್ಪಿಗೆಗೆ ನಾನೇ ರುಜು ಹಾಕ್ತೀನಿ ಅಂತ ಹೇಳಿ ಬಂದೆ. ಎದ್ದ ಮೇಲೆ ಏನಾಗಿದ್ರೂ ನನಗೇ ಮೊದಲು ಹೇಳಬೇಕು ಅಂತಲೂ ಹೇಳಿದೆ.

ನಿನ್ನ ಮೇಟ್ರನ್‌ಗೆ ತಪ್ಪಾಯ್ತು ಅಂತ ಬರೆದುಕೊಟ್ಟೆಯಾ? ಕೊಡಬೇಡ. ಮೊದಲು ಕೊಡು ಅಂದವಳೂ ನಾನೇ, ಈಗ ಬೇಡ ಅನ್ನೋಳೂ ನಾನೇ. ಹೆಚ್ಚಿಗೆ ಕೇಳಬೇಡ.

ಅಮ್ಮ


ಏಪ್ರಿಲ್ 20

ಅಮ್ಮಾ,

ರಜೆ ಸಿಕ್ಕಿದೆ. ಆಪರೇಷನ್ನಿಗೆ ಮುಂಚೆ ಅಲ್ಲಿರುತ್ತೇನೆ. ಅಣ್ಣನ ಹತ್ತಿರ ಜಗಳ ಆಡುವುದಿಲ್ಲ. ಅವನು ಶುರುಮಾಡಿದರೆ ಮಾತ್ರ ಗೊತ್ತಿಲ್ಲ.

ಬಸ್ ಡ್ರೈವರ್ ವಿಷಯ ನೀನು ಕೇಳಿಲ್ಲ, ಆದರೂ ಹೇಳಬೇಕು. ಅವರ ಗೆಡ್ಡೆ ಬಹುಪಾಲು ಬಂತು. ಮಾತು ಬರಲಿಲ್ಲ. ಒಂದೆರಡು ಪದ ಇವೆ, ಅವೂ ಜಾಗ ತಪ್ಪಿ ಬರುತ್ತವೆ. ನೀರು ಬೇಕಾದರೆ ಬಾಗಿಲು ಅನ್ನುತ್ತಾರೆ. ಆ ನರ್ಸ್ ಹೆದರಿಸಿದ್ದಕ್ಕೇ ಅಪ್ಪ ಹೀಗಾದರು ಅಂತ ಮಕ್ಕಳು ಕಂಡಕಂಡವರಿಗೆ ಹೇಳುತ್ತಾರೆ. ಹಾಗಾಗುವುದಿಲ್ಲ ಅಂತ ನನಗೆ ಗೊತ್ತು. ಆದರೂ ಬಟ್ಟೆ ಮಡಿಸುವಾಗ ಆ ಮಾತು ಕಿವಿಯಲ್ಲಿ ಕೂತಿರುತ್ತದೆ.

ನಿನ್ನೆ ಮಾತು ಕಲಿಸುವವರ ಕೋಣೆಯ ಹತ್ತಿರ ಅವರನ್ನು ಕಂಡೆ. ಪಕ್ಕದಲ್ಲಿ ತಮ್ಮ. ದಿನಾ ಅವನೇ ಕರೆದುಕೊಂಡು ಬರುತ್ತಾನಂತೆ. ಡ್ರೈವರ್ ನನ್ನನ್ನು ನೋಡಿ ಏನೋ ಹೇಳಲು ಹೊರಟರು, ಪದ ಸಿಗಲಿಲ್ಲ, ಸಿಟ್ಟಿನಿಂದ ಗೋಡೆಗೆ ಗುದ್ದಿದರು. ಅದು ನನ್ನ ಮೇಲಿನ ಸಿಟ್ಟೋ, ಪದದ ಮೇಲಿನದೋ ಗೊತ್ತಿಲ್ಲ. ತಮ್ಮ ಮಾತ್ರ, "ಅವತ್ತು ನಾವಿಬ್ಬರೂ ಬಹಳ ಮಾತಾಡಿದ್ವಿ ಸಿಸ್ಟರ್" ಅಂದ.

ಮೇಟ್ರನ್ ಮತ್ತೆ ಕರೆದಿದ್ದರು. ಬರೆದುಕೊಡುವುದಿಲ್ಲ ಅಂತ ಮತ್ತೆ ಹೇಳಿ ಬಂದೆ.

ಬಾಯಾಳಿ


ಮೇ 28

ತಂಗಿಗೆ,

ಅಮ್ಮ ಹೇಳಿ ಬರೆಸುತ್ತಿದ್ದಾಳೆ. ಮಲಗಿಕೊಂಡು ಅವಳಿಗೆ ಪೆನ್ನು ಹಿಡಿಯಲಾಗದು. ಒಂದಕ್ಷರವನ್ನೂ ಬದಲಿಸಬಾರದಂತೆ, ಆಮೇಲೆ ಓದಿಸಿ ನೋಡುತ್ತಾಳಂತೆ.

ಬಾಯಾಳಿ, ನೀನು ಬಸ್ ಹತ್ತಿದ ಮೇಲೆ ಪರೀಕ್ಷೆಯ ವರದಿ ಬಂತು. ಕ್ಯಾನ್ಸರ್ ಅಲ್ಲ. ಗೆಡ್ಡೆ ಪೂರ್ತಿ ಬಂದಿದೆ. ಎಡಗಾಲಿಗೆ ಬಿಸಿ ತಣ್ಣಗೆ ಗೊತ್ತಾಗ್ತಿದೆ. ಆಪರೇಷನ್ ಆದ ಮೇಲೆ ಸೋತ ಬಲಗಾಲು ಮಾತ್ರ ನೀನು ನೋಡಿದಾಗ ಹೇಗಿತ್ತೋ ಹಾಗೇ ಇದೆ. ಪಾದ ಮೇಲೆತ್ತು ಅಂತೀನಿ, ನನ್ನ ಮಾತು ಕೇಳಲ್ಲ. ಥೇಟ್ ನಿನ್ನ ಹಾಗೆ. ವ್ಯಾಯಾಮ ಮಾಡಿಸೋ ಹುಡುಗಿ ಬರ್ತಾಳೆ, ನೋಯಿಸ್ತಾಳೆ, ಹೋಗ್ತಾಳೆ. ನಾನು ಅವಳನ್ನ ಬೈತೀನಿ, ಅವಳು ನನ್ನನ್ನ ಬೈತಾಳೆ, ಇಬ್ಬರಿಗೂ ಸರಿಹೋಗಿದೆ. ನಿಮ್ಮಣ್ಣ ನನ್ನನ್ನ ಎತ್ತಿ ಕೂರಿಸುವಾಗ ಕ್ಲಚ್ ಬಿಡೋಕೆ ಬರದವನ ಹಾಗೆ ಕುಲುಕ್ತಾನೆ. ಬರಿಯೋ, ಇದನ್ನೂ ಬರಿ. ಅಮ್ಮ.

ಅವಳು ಮಲಗಿದಳು. ಉಳಿದದ್ದು ನನ್ನದು.

ಮೊನ್ನೆ ಡಾಕ್ಟರು ಬಂದಾಗ ಅಮ್ಮನಿಗೆ ನಿದ್ದೆ. ಬಲಪಾದ ಪೂರ್ತಿ ಸರಿಹೋಗುವುದು ಅನುಮಾನ, ಕೋಲು ಬೇಕಾಗಬಹುದು ಅಂದರು. ಎದ್ದ ಮೇಲೆ ನಾನೇ ಹೇಳ್ತೀನಿ ಅಂದರು. ಅಷ್ಟರಲ್ಲಿ ಅವರಿಗೆ ಎಲ್ಲಿಂದಲೋ ಕರೆ ಬಂತು, ಹೋದರು. ಅಮ್ಮ ಎದ್ದು ಡಾಕ್ಟರು ಏನಂದ್ರು ಅಂತ ಕೇಳಿದಳು. ಎಲ್ಲ ಸರಿಹೋಗುತ್ತಂತೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಸುಲಭದ ಮಾತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೇಳಿದೆ ಕಣೇ. ಇದ್ದದ್ದನ್ನು ಇದ್ದ ಹಾಗೆ. ನನಗೇ ಅಳು ಬಂತು. ಅವಳು ಹೊದಿಕೆ ಸರಿಸಿ ಬಲಪಾದ ನೋಡಿಕೊಂಡಳು. ಆಮೇಲೆ, "ಕೋಲು ಆರಿಸೋಕೆ ನಾನೇ ಬರ್ತೀನಿ, ನಿನ್ನ ಆಯ್ಕೆ ನೋಡಿದ್ದೀನಿ" ಅಂದಳು. ಅವತ್ತು ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನೀನು ಕಾಗದ ಬರೆದದ್ದಕ್ಕೆ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯುತ್ತದೆ.

ಅಣ್ಣ


ಜುಲೈ 15

ಅಮ್ಮಾ,

ಮತ್ತೆ ವಾರ್ಡಿಗೆ ಬಂದಿದ್ದೇನೆ. ಕ್ಷಮಾಪಣೆ ಬರೆದುಕೊಟ್ಟಿಲ್ಲ. ನನ್ನ ಜಾಗಕ್ಕೆ ಬಂದವಳು ಬಿಟ್ಟು ಹೋದಳು, ಬೇರೆ ಯಾರೂ ಒಪ್ಪಲಿಲ್ಲ. ಆಸ್ಪತ್ರೆಯವರಿಗೆ ಬೇರೆ ಗತಿಯಿರಲಿಲ್ಲ ಅಷ್ಟೇ, ಯಾರ ಮನಸ್ಸೂ ಬದಲಾಗಿಲ್ಲ.

ಮನೆಯವರನ್ನು ಕೇಳದೆ ರೋಗಿಗೆ ಏನೂ ಹೇಳಬಾರದು ಅಂತ ಮೇಟ್ರನ್ ಷರತ್ತು ಹಾಕಿದರು. ನಾನೂ ಒಂದು ಹಾಕಿದೆ. ಮೊದಲು ರೋಗಿಯನ್ನೇ ಕೇಳುತ್ತೇನೆ: ನಿಮಗೆ ಎಷ್ಟು ತಿಳಿಯಬೇಕು, ಯಾರ ಮುಂದೆ ತಿಳಿಯಬೇಕು ಅಂತ. ಬೇಡ ಅಂದವರಿಗೆ ಬಲವಂತವಾಗಿ ಹೇಳುವುದಿಲ್ಲ. ಬೇಕು ಅಂದವರಿಂದ ಯಾರು ಹೇಳಿದರೂ ಮುಚ್ಚಿಡುವುದಿಲ್ಲ. ಮೇಟ್ರನ್ ಮುಖ ಸಿಂಡರಿಸಿದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರು ಅವರು. ಕೊನೆಗೆ, "ಇನ್ನೊಂದು ದೂರು ಬಂದರೆ ನಾನು ನಿನ್ನ ಪರ ನಿಲ್ಲಲ್ಲ" ಅಂದರು. "ಹೋದ ಸಲ ನಿಂತಿದ್ರಾ ಮೇಡಂ?" ಅಂದೆ.

ಹೊತ್ತು, ಅಳತೆ ಅಂತ ನೀನು ಬರೆದಿದ್ದೆ. ಮೊನ್ನೆ ಒಬ್ಬ ಟೀಚರ್, ಕುತ್ತಿಗೆಯ ಆಪರೇಷನ್ನಿಗೆ ಬಂದವರು, "ನನಗೆ ಬೇಡಮ್ಮ, ನನ್ನ ಅಕ್ಕನಿಗೆ ಹೇಳು. ನನಗೆ ಎದ್ದ ಮೇಲೆ ಕೈಯಲ್ಲಿ ಸೀಮೆಸುಣ್ಣ ಹಿಡೀಬಹುದಾ ಅದೊಂದು ಹೇಳು ಸಾಕು" ಅಂದರು. ಅದೊಂದನ್ನೇ ಹೇಳಿದೆ. ಉಳಿದ ಹೊತ್ತು ಅವರ ತರಗತಿಯ ತುಂಟರ ಕಥೆ ಕೇಳಿದೆ.

ನಿನ್ನ ಕಾಲು ಹೇಗಿದೆ?

ಬಾಯಾಳಿ


ಸೆಪ್ಟೆಂಬರ್ 2

ಬಾಯಾಳಿಗೆ,

ಪಾರ್ಲರಿನ ಬಾಗಿಲು ತೆರೆದೆ. ಇನ್ನೂ ಆರು ತಿಂಗಳು ಬೇಡ ಅಂತ ನಿಮ್ಮತ್ತಿಗೆ. ಆಗೋದೇ ಇಲ್ಲ ಅಂತ ನಿಮ್ಮಣ್ಣ. ಡಾಕ್ಟರು ಮಾತ್ರ ಹಗುರ ಕೆಲಸ ಮಾಡಬಹುದು, ಬಗ್ಗಬೇಡಿ, ಭಾರ ಎತ್ತಬೇಡಿ ಅಂದರು. ಕತ್ತರಿ ಎಷ್ಟು ಭಾರ?

ನೀನು ಕೇಳಿದ ಕಾಲು: ಎಡಗಾಲು ಚೆನ್ನಾಗಿದೆ. ಬಲಪಾದ ಎಳೆದುಕೊಂಡು ನಡೀತೀನಿ. ಅದಕ್ಕೊಂದು ಪಟ್ಟಿ ಕಟ್ಟಿಕೊಳ್ತೀನಿ. ಎತ್ತರದ ಸ್ಟೂಲಿನ ಮೇಲೆ ಕೂತು ಕತ್ತರಿಸ್ತೀನಿ, ಹಿಂಭಾಗಕ್ಕೆ ಮಾತ್ರ ಏಳಬೇಕು. ಒಂದಕ್ಕೆ ಹೋಗೋದು ಸರಿಯಾಗಿದೆ, ಕೆಮ್ಮಿದರೆ ಮಾತ್ರ ಸ್ವಲ್ಪ ಕಷ್ಟ. ಸೆಖೆಯಲ್ಲಿ ಬೆನ್ನಿನ ಗಾಯ ಕಡಿಯುತ್ತೆ. ಇಷ್ಟೂ ನಿಜ.

ಇನ್ನೊಂದು, ನೀನು ಬೇರೆಯವರ ಬಾಯಿಂದ ಕೇಳಬಾರದು ಅಂತ ನಾನೇ ಬರೀತಾ ಇದ್ದೀನಿ. ಮಂಗಳವಾರ ಬಿದ್ದೆ. ಪಾರ್ಲರಿನಲ್ಲಿ, ಗಿರಾಕಿಗಳ ಎದುರಿಗೇ. ಕುರ್ಚಿಯಲ್ಲಿ ದರ್ಜಿಯ ಹೆಂಡತಿ ಕೂತಿದ್ದಳು. ಹಿಂದಿನ ಕೂದಲಿಗೆ ಅಂತ ಎದ್ದೆ, ಬಲಪಾದ ಕೆಳಗೆ ಬಿದ್ದಿದ್ದ ಕೂದಲ ಮೇಲೆ ಜಾರಿತು. ಬೆನ್ನಿಗೆ ಏಟಾಗಲಿಲ್ಲ, ಮೊಣಕೈ ತರಚಿತು. ಎಲ್ಲರೂ ಓಡಿ ಬಂದರು. ಒಬ್ಬಳು ಕಂಕುಳಿಗೆ ಕೈ ಹಾಕಿದಳು, ಇನ್ನೊಬ್ಬಳು, "ಏನೂ ಆಗಿಲ್ಲ, ಏನೂ ಆಗಿಲ್ಲ" ಅಂತ ಮಂತ್ರ ಹೇಳ್ತಿದ್ದಳು.

"ಆಗಿದೆ," ಅಂದೆ. "ಬಿದ್ದಿದ್ದೀನಿ. ಯಾರೂ ಮುಟ್ಟಬೇಡಿ."

ಅವರು ಹಿಂದೆ ಸರಿದು ನಿಂತರು. ವ್ಯಾಯಾಮದ ಹುಡುಗಿ ಕಲಿಸಿದ ಹಾಗೆ ಮೊದಲು ಪಕ್ಕಕ್ಕೆ ಹೊರಳಿದೆ. ಆಮೇಲೆ ಮಂಡಿಯ ಮೇಲೆ ಬಂದೆ. ಆಮೇಲೆ ಕುರ್ಚಿಯ ಕೈ ಹಿಡಿದೆ. ಬಹಳ ಹೊತ್ತು ಹಿಡೀತು. ದರ್ಜಿಯ ಹೆಂಡತಿ ಮಾತ್ರ, ಅರ್ಧ ಕತ್ತರಿಸಿದ ತಲೆಯಲ್ಲಿ, ಕುರ್ಚಿ ಅಲುಗಾಡದ ಹಾಗೆ ಗಟ್ಟಿಯಾಗಿ ಕಾಲೂರಿ ಕೂತಳು.

ಎದ್ದು ನಿಂತು ಕತ್ತರಿ ತೊಳೆದೆ. ಉಳಿದ ಅರ್ಧ ಕತ್ತರಿಸಿದೆ. ಎರಡೂ ಪಕ್ಕ ಸಮ ಬಂತು.

ಅಮ್ಮ